ಮೊದಲು ಮಣ್ಣು, ಆಮೇಲೆ ಮರ

ಈ ವರ್ಷದ ವಿಜ್ಞಾನ ಪ್ರದರ್ಶನದಲ್ಲಿ ಒಂಬತ್ತನೆಯ ತರಗತಿಯ ಮಕ್ಕಳು ಸಿಂಗರೇಣಿ ಕಲ್ಲಿದ್ದಲು ಗಣಿಯ ಮಾದರಿ ಮಾಡಿದ್ದರು. ಇದ್ದಿಲಪುಡಿ ಮತ್ತು ಜಲ್ಲಿಯ ಗುಡ್ಡ ಕಟ್ಟಿ, ಮೇಲೆ ಬೇವಿನ ಟೊಂಗೆ ಚುಚ್ಚಿ, 'ಗಣಿ ಮುಗಿದ ಮೇಲೆ ಕಾಡು' ಎಂದು ಚೀಟಿ ಅಂಟಿಸಿದ್ದರು. ನೋಡಿದವರೆಲ್ಲ ಮೆಚ್ಚಿದರು. ಸಂಜೆಯ ಹೊತ್ತಿಗೆ ಟೊಂಗೆಗಳು ಜೋತುಬಿದ್ದವು. ಕನ್ನಡ ಪಾಠ ಹೇಳುವ ನಾವು ವಿಜ್ಞಾನದಲ್ಲಿ ತಲೆ ಹಾಕುವುದು ಉಚಿತವೋ ಅಲ್ಲವೋ, ಆ ಟೊಂಗೆಗಳೇ ಈ ಲೇಖನವನ್ನು ಬರೆಯಿಸಿದವು.

ಸಿಂಗರೇಣಿ ನಮಗೆ ಪರರ ಮಾತಲ್ಲ. ನಾವು ಮನೆಯಲ್ಲಿ ಕನ್ನಡ ಆಡುವವರಾದರೂ ತೆಲಂಗಾಣದವರು. ನಮ್ಮ ರಾಜ್ಯದ ಇನ್ನೊಂದು ತುದಿಯಲ್ಲಿ, ಗೋದಾವರಿಯ ಕಣಿವೆಯಲ್ಲಿ, 1889ರಿಂದ ಕಲ್ಲಿದ್ದಲು ತೆಗೆಯಲಾಗುತ್ತಿದೆ. ರಾಮಗುಂಡಂನ ವಿದ್ಯುತ್ತಿಗೆ ಉರುವಲು ಅದೇ. ಮೊದಲು ಸುರಂಗ ಕೊರೆದು ತೆಗೆಯುತ್ತಿದ್ದರು. ಈಗ ಬಹುಪಾಲು ಇದ್ದಲು ಬರುವುದು ತೆರೆದ ಗಣಿಗಳಿಂದ. ಮೇಲಿನ ಮಣ್ಣು, ಬಂಡೆಗಳನ್ನೆಲ್ಲ ಸಿಡಿಸಿ, ಅಗೆದು, ಪಕ್ಕದಲ್ಲಿ ಗುಡ್ಡವಾಗಿ ಸುರಿಯುತ್ತಾರೆ. ಕೆಳಗಿದ್ದ ಕಲ್ಲು ಮೇಲೆ ಬರುತ್ತದೆ, ಮೇಲಿದ್ದ ಫಲವತ್ತಾದ ಮಣ್ಣು ಎಲ್ಲೋ ಅಡಿಯಲ್ಲಿ ಹೂತುಹೋಗುತ್ತದೆ. ಆ ಗುಡ್ಡದಲ್ಲಿ ಕೊಳೆತ ಎಲೆಯಿಲ್ಲ, ಎರೆಹುಳವಿಲ್ಲ, ಸಾರಜನಕ ಅತ್ಯಲ್ಪ. ಬೇಸಿಗೆಯಲ್ಲಿ ಕಪ್ಪು ಕಲ್ಲು ಕಾದ ಹೆಂಚಾಗುತ್ತದೆ. ಮಳೆ ಬಂದರೆ ಇಳಿಜಾರಿನ ಪುಡಿಯೆಲ್ಲ ಹಳ್ಳಕ್ಕೆ ಇಳಿಯುತ್ತದೆ. ಮೇಘಾಲಯದಂತೆ ಗಂಧಕ ಹೆಚ್ಚಿರುವ ಕಡೆ ನೀರೂ ಗಾಳಿಯೂ ತಾಗಿ ಆಮ್ಲವೇ ಹುಟ್ಟುತ್ತದೆ.

ಇಂಥಲ್ಲಿಯೂ ಗಿಡ ಬರುತ್ತದೆಯೇ? ಬರುತ್ತದೆ. ಮೊದಲು ಬರುವುದು ಗಾಳಿಯಲ್ಲಿ ತೇಲುವ ಬೀಜದ ಹುಲ್ಲು. ಅದರ ಬೇರು ಪುಡಿಯನ್ನು ಹಿಡಿದು ನಿಲ್ಲಿಸುತ್ತದೆ, ಸತ್ತ ಗರಿ ಗೊಬ್ಬರವಾಗುತ್ತದೆ. ಜೊತೆಗೆ ದ್ವಿದಳ ಜಾತಿಯ ಗಿಡಗಳು ಬಂದರೆ ಅವುಗಳ ಬೇರುಗಂಟಿನಲ್ಲಿರುವ ಸೂಕ್ಷ್ಮಜೀವಿಗಳು ಗಾಳಿಯ ಸಾರಜನಕವನ್ನು ಮಣ್ಣಿಗೆ ಇಳಿಸುತ್ತವೆ. ಇದನ್ನು ನಮ್ಮ ಪಾಲಕರಿಗೆ ಹೇಳಿಕೊಡಬೇಕಾಗಿಲ್ಲ. ತೊಗರಿ, ಹೆಸರು ಬೆಳೆದ ಹೊಲದಲ್ಲಿ ಮರುವರ್ಷ ಜೋಳ ಹೇಗೆ ಬರುತ್ತದೆಂಬುದು ಅವರಿಗೆ ನಮಗಿಂತ ಚೆನ್ನಾಗಿ ಗೊತ್ತು. ಆಮೇಲೆ ಹಕ್ಕಿಗಳು ಬೇವು, ಬಾರೆಗಳ ಬೀಜ ತಂದು ಉದುರಿಸುತ್ತವೆ. ಆದರೆ ಹತ್ತಿರದಲ್ಲಿ ಕಾಡು ಉಳಿದಿರಬೇಕು. ಅದಿಲ್ಲದಿದ್ದರೆ ಹಕ್ಕಿ ತಾನೇ ಎಲ್ಲಿಂದ ತಂದೀತು? ಇಂಗ್ಲೆಂಡಿನ ವಿಜ್ಞಾನಿ ಬ್ರಾಡ್‌ಶಾ ಕೆಟ್ಟ ನೆಲಗಳ ಮೇಲೆ ವರ್ಷಗಟ್ಟಲೆ ದುಡಿದು ಕಂಡುಕೊಂಡದ್ದೂ ಇದನ್ನೇ. ಗಣಿಗುಡ್ಡಕ್ಕೆ ಮುಖ್ಯ ಕೊರತೆ ಸಾರಜನಕದ್ದು, ಅದು ಕೂಡಿಕೊಳ್ಳುವವರೆಗೆ ಹಸಿರು ನಿಲ್ಲುವುದಿಲ್ಲ.

ಹೀಗಿರುವಾಗ ಇಷ್ಟು ಲಕ್ಷ ಸಸಿ ನೆಟ್ಟೆವು ಎಂಬ ಲೆಕ್ಕದಲ್ಲಿ ನಮಗೆ ಹೆಚ್ಚು ನಂಬಿಕೆಯಿಲ್ಲ. ಬರಿಯ ಗುಡ್ಡಕ್ಕಿಂತ ನೀಲಗಿರಿಯಾದರೂ ಮೇಲು, ಧೂಳು ಕಡಿಮೆಯಾಗುತ್ತದೆ, ಒಪ್ಪುತ್ತೇವೆ. ಸುಡುಬಿಸಿಲಿನಲ್ಲಿ ಗುಂಡಿ ತೋಡಿದ ಕೂಲಿಯವರ ಶ್ರಮ ಸಣ್ಣದಲ್ಲ. ಆದರೆ ಒಂದೇ ಜಾತಿಯ ಮರದ ಸಾಲು ಕಾಡಾಗದು. ಐದು ವರ್ಷದ ನಂತರ ಎಷ್ಟು ಉಳಿದವು, ಅವುಗಳ ಬುಡದಲ್ಲಿ ಹುಲ್ಲಿದೆಯೇ, ಕೈಯಲ್ಲಿ ಹಿಡಿದರೆ ಮಣ್ಣು ಉಂಡೆಯಾಗುತ್ತದೆಯೇ ಎಂದು ಕೇಳಬೇಕು.

ಅದಕ್ಕಿಂತ ಮುಂಚೆ ಕೇಳಬೇಕಾದದ್ದು, ಅಗೆಯುವ ದಿನ ಮೇಲ್ಮಣ್ಣನ್ನು ಎಲ್ಲಿಟ್ಟರು ಎಂದು. ಅದನ್ನು ಬೇರೆಯಾಗಿ ತೆಗೆದು, ಎತ್ತರದ ರಾಶಿ ಮಾಡದೆ, ಬೇಗನೆ ಗುಡ್ಡದ ಮೇಲೆ ಹರಡಿದರೆ ಅದರೊಳಗಿನ ಬೀಜವೂ ಜೀವವೂ ಉಳಿಯುತ್ತವೆ. ವರ್ಷಗಟ್ಟಲೆ ರಾಶಿಯಲ್ಲಿ ಬಿದ್ದರೆ ಅದೂ ಸತ್ತ ಮಣ್ಣೇ. ಗಣಿ ಮುಚ್ಚುವ ಯೋಜನೆಯನ್ನು ಮೊದಲೇ ಮಾಡಿ ಹಣ ಬೇರೆಯಿಡಬೇಕೆಂದು ಕೇಂದ್ರದ ಕಲ್ಲಿದ್ದಲು ಸಚಿವಾಲಯ 2009ರಲ್ಲಿ ಸೂಚಿಸಿತು. ಗಣಿ ಮುಗಿದ ನೆಲದಲ್ಲಿ ಮತ್ತೆ ಹುಲ್ಲು ಬೆಳೆಸುವುದನ್ನು ಗುತ್ತಿಗೆಯ ಷರತ್ತಿನಲ್ಲಿ ಸೇರಿಸಬೇಕೆಂದು ಸರ್ವೋಚ್ಚ ನ್ಯಾಯಾಲಯ 2020ರ ಜನವರಿಯಲ್ಲಿ ಹೇಳಿತು. ನ್ಯಾಯಾಲಯ ಮರಕ್ಕಿಂತ ಮೊದಲು ಹುಲ್ಲನ್ನು, ದನಕರುಗಳ ಮೇವನ್ನು ನೆನೆದದ್ದು ನಮಗೆ ಬಹಳ ಹಿಡಿಸಿತು.

ಮಾದರಿ ಮಾಡಿದ ಮಕ್ಕಳು ಬರುವ ವರ್ಷ ಮತ್ತೆ ಮಾಡುತ್ತೇವೆ ಎನ್ನುತ್ತಿದ್ದಾರೆ. ಟೊಂಗೆ ಬೇಡ ಎಂದಿದ್ದೇವೆ. ಜಲ್ಲಿಗುಡ್ಡ ಇರಲಿ, ಅದರ ಅರ್ಧಕ್ಕೆ ಕೆರೆಯ ಹೂಳು ಹರಡಿ, ಅರ್ಧವನ್ನು ಹಾಗೆಯೇ ಬಿಟ್ಟು, ಎರಡರಲ್ಲೂ ಒಂದೊಂದು ಹಿಡಿ ಹುಲ್ಲಿನ ಬೀಜ, ತೊಗರಿ ಬಿತ್ತಲಿ. ಪ್ರದರ್ಶನಕ್ಕೆ ಮೂರು ತಿಂಗಳ ಮುಂಚೆಯೇ ಶುರುಮಾಡಬೇಕು. ಹೂಳಿಗಾಗಿ ಚೀಲ ಹಿಡಿದು ಬರುವ ಮಕ್ಕಳನ್ನು ಪಾಲಕರು ಗದರಿಸಬಾರದಾಗಿ ವಿನಂತಿ.