ಮೂರು ಕಾರ್ಡು, ಒಂದು ಕಂತು

ಹೋದ ದೀಪಾವಳಿ ಹೊತ್ತಿಗೆ ನನ್ನ ಮೂರು ಕ್ರೆಡಿಟ್ ಕಾರ್ಡುಗಳ ಬಾಕಿ ಸೇರಿ 2,80,000 ರೂಪಾಯಿ ಆಗಿತ್ತು. ಹೆಂಡತಿಗೆ ಹೇಳಿರಲಿಲ್ಲ. ಪ್ರತಿ ತಿಂಗಳೂ ಬಾಕಿಯ ಶೇ. 5ರಷ್ಟು ‘ಮಿನಿಮಮ್ ಡ್ಯೂ’ ಕಟ್ಟಿ, ಸಾಲ ತೀರ್ತಾ ಇದೆ ಅಂದ್ಕೊಂಡಿದ್ದೆ. ಇಂಜಿನಿಯರಿಂಗ್ ಓದಿ ದಿನವಿಡೀ ಕೋಡ್ ಬರೆಯೋನು, ಸ್ಟೇಟ್‌ಮೆಂಟ್‌ನ ಎರಡನೇ ಪುಟ ತೆರೆದೇ ಇರಲಿಲ್ಲ!

ಕೊನೆಗೆ ಅದನ್ನು ನೋಡಿದ್ದು ಅವಳೇ. ಬೈತಾಳೆ ಅಂದ್ಕೊಂಡೆ, ಕ್ಯಾಲ್ಕುಲೇಟರ್ ತಂದು ಮುಂದಿಟ್ಟಳು. ತಿಂಗಳಿಗೆ ಶೇ. 3.5 ಬಡ್ಡಿ ಅಂದ್ರೆ 9,800. ಆ ಬಡ್ಡಿ ಮೇಲೆ ಶೇ. 18 ಜಿಎಸ್‌ಟಿ, 1,764. ನಾನು ಕಟ್ಟುತ್ತಿದ್ದ 14,000ದಲ್ಲಿ ಅಸಲಿಗೆ ಹೋಗ್ತಿದ್ದದ್ದು ಬರೀ 2,436. ಹಳೇ ಬಾಕಿ ಇದ್ದರೆ ಹೊಸ ಖರೀದಿಗೂ ಮೊದಲ ದಿನದಿಂದಲೇ ಬಡ್ಡಿ. ಅಂದ್ರೆ ತರಕಾರಿಗೂ ಬಡ್ಡಿ ಕಟ್ಟಿದ್ದೆ ಅನ್ನಿ.

ಸಂಬಳ ಬರೋ ಬ್ಯಾಂಕಲ್ಲೇ ಶೇ. 14ಕ್ಕೆ ಪರ್ಸನಲ್ ಲೋನ್ ತಗೊಂಡು ಮೂರನ್ನೂ ಒಂದೇ ದಿನ ತೀರಿಸಿದೆ. ಮೂರು ವರ್ಷ, ತಿಂಗಳಿಗೆ ಸುಮಾರು 9,570 ಕಂತು. ಮೊದಲು ಬರೀ ಬಡ್ಡಿಗೆ ಹೋಗ್ತಿದ್ದುದಕ್ಕಿಂತ ಕಮ್ಮಿ! ಪ್ರೊಸೆಸಿಂಗ್ ಫೀಸ್ ಹೋಯ್ತು, ಹೋಗ್ಲಿ.

ನಿಜವಾದ ಕಷ್ಟ ಆಮೇಲೆ. ಬಾಕಿ ಸೊನ್ನೆ ಆದ ಕಾರ್ಡು ಜೇಬಲ್ಲಿದ್ರೆ ಕೈ ಸುಮ್ಮನಿರಲ್ಲ. ಎರಡನ್ನು ಮುಚ್ಚಿಸಿದೆ. ಎಲ್ಲಕ್ಕಿಂತ ಹಳೇದನ್ನು ಸಿಬಿಲ್ ಸ್ಕೋರ್ ನೆಪ ಹೇಳಿ ಉಳಿಸಿಕೊಂಡೆ. ಅದೀಗ ಅವಳ ಬೀರುವಿನಲ್ಲಿ, ರೇಷ್ಮೆ ಸೀರೆಗಳ ಕೆಳಗಿದೆ. ಕೇಳೋಕೆ ಇನ್ನೂ ಧೈರ್ಯ ಬಂದಿಲ್ಲ.