ಬೋರ್ಡಿಗೆ ಈಜು ಬರೋದಿಲ್ಲ

ನಮ್ಮ ದೊಡ್ಡಮ್ಮನ ಮಗ ಅಮೆರಿಕದ ಮಿಷಿಗನ್‌ನಲ್ಲಿದ್ದಾನೆ. ಹೋದ ವರ್ಷ ಯಾರೋ ಮೂಲೆಗೆ ಹಾಕಿದ್ದ ಹಳೇ ಜೆಟ್ ಸ್ಕೀ ಒಂದನ್ನು ಕಡಿಮೆ ದುಡ್ಡಿಗೆ ಕೊಂಡ. ಗ್ಯಾರೇಜಿನಲ್ಲಿ ಬಿಚ್ಚಿ ಹರಡಿಕೊಂಡು ಕಾರ್ಬುರೇಟರ್ ತೊಳೆದ, ಸೀಟಿಗೆ ಹೊಸ ಹೊದಿಕೆ ಹಾಕಿದ, ಕೊನೆಗೆ ಹೆಂಡತಿ ಮಕ್ಕಳನ್ನು ಒಬ್ಬೊಬ್ಬರಾಗಿ ಕೂರಿಸಿಕೊಂಡು ಸರೋವರ ಸುತ್ತಿಸಿದ. ವಿಡಿಯೊ ಫ್ಯಾಮಿಲಿ ಗ್ರೂಪಿಗೆ ಬಂತು. ಹಾರ್ಟುಗಳ ಸುರಿಮಳೆ. "ನಮ್ ಹೈದ ಅಲ್ಲಿಗೋದ್ರೂ ಕೈಕೆಲ್ಸ ಬುಟ್ಟಿಲ್ಲ ನೋಡು" ಅಂತ ದೊಡ್ಡಮ್ಮನ ವಾಯ್ಸ್ ಮೆಸೇಜು ಬೇರೆ.

ಅದೇ ವರ್ಷ ನಾನು ನಮ್ಮ ತಾತನ ಹರಿಗೋಲನ್ನು ರಿಪೇರಿ ಮಾಡಿ, ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಕೆರೆಯಲ್ಲಿ ಎರಡು ಸುತ್ತು ಹೊಡೆದು, ವಿಡಿಯೊ ಹಾಕಿದೆ. ಮೊದಲು ಬಂದ ಉತ್ತರ ಅದೇ ದೊಡ್ಡಮ್ಮಂದು. "ನಿಂಗೇನ್ಲಾ ಬಂದಿರೋದು ರೋಗ? ಮಕ್ಳನ್ನ ನೀರಿಗೆ ಇಳಿಸ್ತಿದ್ದೀಯಲ್ಲ!"

ಇಬ್ಬರೂ ಮಾಡಿದ್ದು ಒಂದೇ ಕೆಲಸ. ಹಳೇದೊಂದು ನೀರಿನ ವಾಹನ, ಅದನ್ನು ಸರಿಮಾಡೋ ಹುಚ್ಚು, ಜೊತೆಗೆ ಮನೆಮಂದಿ. ಅವನದು ಸಾಹಸವಾಯಿತು, ನನ್ನದು ತಲೆಕೆಟ್ಟ ಕೆಲಸವಾಯಿತು. ಇದರಲ್ಲಿ ದೊಡ್ಡಮ್ಮನ ತಪ್ಪೇನಿಲ್ಲ. ಮಂಡ್ಯ ಜಿಲ್ಲೆಯವರಿಗೆ ನೀರಿನ ಬಗ್ಗೆ ಗೊತ್ತಿರೋ ಪಾಠ ಒಂದೇ: ಹತ್ತಿರ ಹೋಗಬೇಡ. ಆ ಪಾಠದ ಮೇಲೆ ನನ್ನದು ಹಳೇ ಸಿಟ್ಟು. ಇವತ್ತು ಅದನ್ನು ತೀರಿಸಿಕೊಳ್ತೀನಿ.

ನಮ್ಮೂರು ಹನಕೆರೆ. ಮದ್ದೂರಿಗೂ ಮಂಡ್ಯಕ್ಕೂ ನಡುವೆ, ಬೆಂಗಳೂರಿನಿಂದ ಪ್ಯಾಸೆಂಜರ್ ರೈಲಿನಲ್ಲಿ ಬಂದು ಇಳಿಯಬಹುದಾದ ಊರು. ಹೆಸರಲ್ಲೇ ಕೆರೆ ಇದೆ. ಪೂರ್ವಕ್ಕೆ ಹೋದರೆ ಶಿಂಷೆ, ದಕ್ಷಿಣಕ್ಕೆ ಹೋದರೆ ಕಾವೇರಿ, ನಡುವೆ ಎಲ್ಲಿ ನೋಡಿದರೂ ನಾಲೆ. ಕನ್ನಂಬಾಡಿ ಕಟ್ಟಿದ ಮೇಲೆ ಇರ್ವಿನ್ ನಾಲೆ ಅಂತ ಹರಿದು, ಈಗ ವಿಶ್ವೇಶ್ವರಯ್ಯ ನಾಲೆ ಅಂತ ಕರೆಸಿಕೊಳ್ಳೋ ನೀರೇ ಈ ಸೀಮೆಯ ಕಬ್ಬು, ಭತ್ತ, ಮದುವೆ ಖರ್ಚು, ನನ್ನ ಇಂಜಿನಿಯರಿಂಗ್ ಫೀಸು ಎಲ್ಲಾ. ಇಷ್ಟು ನೀರಿನ ನಡುವೆ ಬೆಳೆದ ನಾನು ಈಜು ಕಲಿತದ್ದು ಮೂವತ್ತನಾಲ್ಕನೇ ವಯಸ್ಸಿನಲ್ಲಿ, ಬೆಂಗಳೂರಿನ ಅಪಾರ್ಟ್‌ಮೆಂಟಿನ ನಾಲ್ಕಡಿ ಪೂಲಿನಲ್ಲಿ, ಗಂಟೆಗಿಷ್ಟು ಅಂತ ದುಡ್ಡು ಕೊಟ್ಟು!

ಯಾಕೆ ಅಂದರೆ, ನಾನು ಏಳನೇ ಕ್ಲಾಸಿನಲ್ಲಿದ್ದಾಗ ನನ್ನ ಪಕ್ಕದ ಬೆಂಚಿನವನು ಬೇಸಿಗೆ ರಜೆಯಲ್ಲಿ ಎಮ್ಮೆ ಮೈ ತೊಳೆಯೋಕೆ ಅಂತ ನಾಲೆಗೆ ಹೋಗಿ ಕಾಲು ಜಾರಿದ. ಅವನನ್ನು ಹಿಡಿಯೋಕೆ ಅಂತ ಅವನ ಅಣ್ಣ ಹಾರಿದ. ಇಬ್ಬರೂ ಬರಲಿಲ್ಲ. ಊರು ಆಮೇಲೆ ಏನು ಮಾಡಿತು? ನಮ್ಮಪ್ಪ ಹುಣಸೆ ಬರಲು ಮುರಿದುಕೊಂಡು ಬಂದು, ನಾನು ಏನೂ ಮಾಡದಿದ್ದರೂ, ಮುಂಜಾಗ್ರತೆಗೆ ಅಂತ ಬಾರಿಸಿದ. ಸ್ಕೂಲಿನಲ್ಲಿ ಮೇಷ್ಟ್ರು ಪ್ರಾರ್ಥನೆ ಆದಮೇಲೆ "ಯಾರೂ ನೀರಿನ ಹತ್ರ ಹೋಗಕೂಡದು" ಅಂದರು. ನಾಲೆ ಏರಿ ಮೇಲೆ ಒಂದು ಬೋರ್ಡು ಬಂತು: ಅಪಾಯ, ನೀರಿಗೆ ಇಳಿಯಬಾರದು. ಅಲ್ಲಿಗೆ ಎಲ್ಲರ ಕರ್ತವ್ಯ ಮುಗೀತು.

ನಮಗೆ ಯಾರೂ ಈಜು ಕಲಿಸಲಿಲ್ಲ. ಮುಳುಗುತ್ತಿರೋನನ್ನು ಕಂಡರೆ ಹಾರಬೇಡ, ಹಗ್ಗ ಎಸಿ, ಗಳ ಚಾಚು, ಏನೂ ಸಿಗದಿದ್ದರೆ ಪಂಚೆ ಸೀರೆಯನ್ನಾದರೂ ಎಸಿ ಅಂತ ಒಬ್ಬರೂ ಹೇಳಲಿಲ್ಲ. ನಾಲೆಗೂ ಕೆರೆಗೂ ಇರೋ ವ್ಯತ್ಯಾಸ ಹೇಳಲಿಲ್ಲ. ಕೆರೆಗೆ ದಡ ಅಂತ ಒಂದಿರುತ್ತೆ. ನಾಲೆಯ ಇಳಿಜಾರು ಕಾಂಕ್ರೀಟಿಗೆ ಪಾಚಿ ಕಟ್ಟಿರುತ್ತೆ, ಈಜು ಬರೋನಿಗೂ ಹತ್ತೋಕೆ ಹಿಡಿತ ಸಿಗೋದಿಲ್ಲ. ಇದನ್ನು ಹೇಳೋಕೆ ಎರಡು ನಿಮಿಷ ಸಾಕಿತ್ತು. ಆ ಅಣ್ಣನಿಗೆ ಯಾರಾದರೂ ಆ ಎರಡು ನಿಮಿಷ ಕೊಟ್ಟಿದ್ದರೆ ಮನೆಗೆ ಒಬ್ಬ ಮಗನಾದರೂ ಉಳೀತಿದ್ದ.

2018ರ ನವೆಂಬರ್ 24 ನಿಮಗೆ ನೆನಪಿರಬಹುದು. ಅಂಬರೀಶ್ ತೀರಿಕೊಂಡ ದಿನ. ಅದೇ ದಿನ ಮಧ್ಯಾಹ್ನ ಪಾಂಡವಪುರ ತಾಲ್ಲೂಕಿನ ಕನಗನಮರಡಿ ಹತ್ತಿರ ಬಸ್ಸೊಂದು ವಿಶ್ವೇಶ್ವರಯ್ಯ ನಾಲೆಗೆ ಬಿದ್ದು 30 ಜನ ಸತ್ತರು, ಅದರಲ್ಲಿ ಶಾಲೆಯಿಂದ ಮನೆಗೆ ಹೊರಟಿದ್ದ ಮಕ್ಕಳೂ ಇದ್ದರು. ಈಜು ಬಂದಿದ್ದರೆ ಅವರೆಲ್ಲ ಬದುಕುತ್ತಿದ್ದರು ಅನ್ನೋವಷ್ಟು ದಡ್ಡ ನಾನಲ್ಲ. ಬಸ್ಸಿನೊಳಗೆ ಸಿಕ್ಕಿಕೊಂಡವರಿಗೆ ಈಜು ಏನು ಮಾಡೀತು? ಅಲ್ಲಿ ಬೇಕಿದ್ದದ್ದು ತಡೆಗೋಡೆ. ಆದರೆ ಒಂದು ಮಾತು ಗಮನಿಸಿ: ತಡೆಗೋಡೆ ಕಟ್ಟೋಕೆ ದುಡ್ಡು ಬೇಕು, ಈಜು ಕಲಿಸೋಕೆ ಜನ ಬೇಕು, ಬೋರ್ಡು ನೆಡೋಕೆ ಒಂದು ಗುಂಡಿ ಸಾಕು. ಅದಕ್ಕೇ ನಮ್ಮ ಕಡೆ ಬೋರ್ಡೇ ಜಾಸ್ತಿ. ದೇಶದಲ್ಲಿ ವರ್ಷಕ್ಕೆ 30 ಸಾವಿರಕ್ಕೂ ಹೆಚ್ಚು ಜನ ನೀರಿನಲ್ಲಿ ಮುಳುಗಿ ಸಾಯ್ತಾರೆ ಅಂತ ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ ಲೆಕ್ಕವೇ ಹೇಳುತ್ತೆ. ಅವರಲ್ಲಿ ಎಷ್ಟು ಜನ ಬೋರ್ಡು ಓದಿದ್ದರೋ!

ಈಗ ಹರಿಗೋಲಿಗೆ ಬರೋಣ. ನಮ್ಮವ್ವನ ತೌರು ಮಳವಳ್ಳಿ ಕಡೆ, ಕಾವೇರಿ ದಂಡೆಯ ಹಳ್ಳಿ. ಸೇತುವೆ ಬರೋಕೆ ಮುಂಚೆ ತಾತ ಜನ, ರಾಗಿ ಮೂಟೆ, ಆಡು ಕುರಿ, ಒಮ್ಮೊಮ್ಮೆ ಮದುವೆ ದಿಬ್ಬಣ ಎಲ್ಲವನ್ನೂ ಆ ಹರಿಗೋಲಿನಲ್ಲೇ ದಾಟಿಸ್ತಿದ್ದರಂತೆ. ತಾತ ಹೋದಮೇಲೆ ಮಾವನ ಹಿತ್ತಲಲ್ಲಿ ಅದು ಬೋರಲು ಬಿದ್ದಿತ್ತು. ಒಳಗೆ ಕೋಳಿ. "ತಕ್ಕೊಂಡೋಗ್ಲಾ ಅಳಿಯ, ಕೋಳಿಗೆ ಬ್ಯಾರೆ ಪಂಜರ ಮಾಡುಸ್ತೀನಿ" ಅಂದರು ಮಾವ. ಲಗೇಜ್ ಆಟೊದಲ್ಲಿ ಹೇರಿಕೊಂಡು ಹನಕೆರೆಗೆ ತಂದೆ.

ಹರಿಗೋಲು ನೋಡೋಕೆ ದೊಡ್ಡ ಮಂಕರಿ ಥರ. ಬಿದಿರು ಸೀಳಿ ಹೆಣೆದ ಬುಟ್ಟಿ, ಹೊರಗೆ ನೀರು ಹೋಗದ ಹೊದಿಕೆ, ಅಷ್ಟೇ. 1520ರ ಸುಮಾರಿಗೆ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ತುಂಗಭದ್ರೆಯಲ್ಲಿ ಇದನ್ನು ಕಂಡು ಬರೆದಿಟ್ಟಿದ್ದಾನೆ. ಬುಟ್ಟಿಯ ಹಾಗೆ ದುಂಡಗಿರೋ ದೋಣಿ, ಹೊರಗೆ ಚರ್ಮ, ಹದಿನೈದು ಇಪ್ಪತ್ತು ಜನ ಹಿಡಿಸುತ್ತೆ, ನೆಟ್ಟಗೆ ಹೋಗದೆ ಗರಗರ ತಿರುಗುತ್ತೆ ಅಂತ. ಐನೂರು ವರ್ಷದಲ್ಲಿ ಬದಲಾಗಿರೋದು ಹೊದಿಕೆ ಮಾತ್ರ. ಚರ್ಮ ಹೋಗಿ ಪ್ಲಾಸ್ಟಿಕ್ ಚೀಲ, ಡಾಂಬರು ಬಂತು. ಈಗೀಗ ಫೈಬರ್ರೂ ಬಂದಿದೆ.

ನಮ್ಮದಕ್ಕೆ ಒಂದು ಕಡೆ ಅಂಚು ಗೆದ್ದಲು ಹಿಡಿದು ಪುಡಿಯಾಗಿತ್ತು, ಹೊದಿಕೆ ಒಣಗಿದ ಕೆರೆ ಅಂಗಳದ ಹಾಗೆ ಬಿರಿದಿತ್ತು. ಮದ್ದೂರಿನಿಂದ ಬುಟ್ಟಿ ಹೆಣೆಯೋ ವಯಸ್ಸಾದವರೊಬ್ಬರನ್ನು ಕರಕೊಂಡು ಬಂದೆ. ನಾನು ಯೂಟ್ಯೂಬ್ ನೋಡಿಕೊಂಡು ದಬ್ಬೆ ಬಗ್ಗಿಸೋಕೆ ಹೋಗಿ ಎರಡು ಮುರಿದೆ. ಅವರು ನನ್ನ ಕೈಯಿಂದ ಕಿತ್ತುಕೊಂಡು, "ಮೊದ್ಲು ನೆನೆಹಾಕಿ ಸಾಮಿ. ಬಿದ್ರಿಗೆ ಅವಸರ ಆಗಾಕಿಲ್ಲ" ಅಂದರು. ನಾಲ್ಕು ವಾರಾಂತ್ಯ ಹಿಡೀತು. ಗೊಬ್ಬರದ ಚೀಲಗಳನ್ನು ಕತ್ತರಿಸಿ ಜೋಡಿಸಿ ದಬ್ಬಳದಲ್ಲಿ ಹೊಲಿದದ್ದು ನನ್ನ ಹೆಂಡತಿ ಮತ್ತು ಅವ್ವ. ಡಾಂಬರು ಕಾಯಿಸಿ ಬಳಿದದ್ದು ನಾನು. ಮಕ್ಕಳನ್ನು ಆ ದಿನ ಜಗಲಿ ಬಿಟ್ಟು ಇಳಿಯೋಕೆ ಬಿಡಲಿಲ್ಲ. ಒಣಗಿದ ಮೇಲೆ ಮೊಣಕಾಲುದ್ದ ನೀರಿನಲ್ಲಿ ಖಾಲಿ ಬಿಟ್ಟು ನೋಡಿದೆವು. ಮೂರು ಕಡೆ ಜಿನುಗಿತು. ಮಗಳು ಸೀಮೆಸುಣ್ಣದಲ್ಲಿ ಒಳಗಿನಿಂದ ಗುರುತು ಹಾಕಿದಳು, ಎತ್ತಿ ತಂದು ಮತ್ತೆ ಬಳಿದೆವು. ಕೂಲಿ, ಸಾಮಾನು, ಆಟೊ ಬಾಡಿಗೆ ಎಲ್ಲಾ ಸೇರಿ ಆರೂವರೆ ಸಾವಿರ. ನಾಲ್ಕು ಜಾಕೆಟ್ಟಿಗೆ ಇದಕ್ಕಿಂತ ಜಾಸ್ತಿ ಆಯಿತು. ಜಾಕೆಟ್ಟಿನ ವಿಷಯದಲ್ಲಿ ಚೌಕಾಸಿ ಮಾಡಲಿಲ್ಲ.

ಕೆರೆಯಲ್ಲಿ ಮೀನು ಹಿಡಿಯೋ ಗುತ್ತಿಗೆದಾರರನ್ನು ಕೇಳಿದೆವು. "ಬಲೆ ಕಡೆ ಬರಬ್ಯಾಡಿ" ಅಂತ ಹೇಳಿ ಬಿಟ್ಟರು. ಇನ್ನೊಂದು ಕಚೇರಿಯಲ್ಲೂ ಕೇಳಿದೆ. ಅಲ್ಲಿ ಕೂತಿದ್ದವರು ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ, "ಏನಾದ್ರೂ ಆದ್ರೆ ನಮ್ ಹೆಸ್ರು ಹೇಳ್ಬೇಡಿ" ಅಂದರು.

ಮೊದಲ ದಿನ ಹಗ್ಗದ ಒಂದು ತುದಿ ಹರಿಗೋಲಿಗೆ, ಇನ್ನೊಂದು ತುದಿ ದಡದ ಹೊಂಗೆ ಮರಕ್ಕೆ. ನಾನು ಪಕ್ಕದಲ್ಲಿ ಹುಟ್ಟು ಹಾಕಿದೆ, ನಿಂತಲ್ಲೇ ಬುಗುರಿ ಆಡಿದೆವು. ನನ್ನ ಹೆಂಡತಿ ಹುಟ್ಟು ಇಸಕೊಂಡು ಮುಂದಕ್ಕೆ ಕೂತು, ಹೋಗಬೇಕಾದ ಕಡೆಗೆ ಹುಟ್ಟು ಚಾಚಿ, ಒಂದು ಸಲ ಎಡಕ್ಕೆ ಒಂದು ಸಲ ಬಲಕ್ಕೆ ನೀರನ್ನು ತನ್ನ ಕಡೆ ಎಳೆದುಕೊಂಡಳು. ಹೊರಟೇಬಿಟ್ಟಿತು. ಎದ್ದು ನಿಲ್ಲಬಾರದು, ಎಲ್ಲರೂ ಒಂದೇ ಕಡೆ ವಾಲಬಾರದು, ಭಾರ ಸುತ್ತ ಹಂಚಿಕೊಂಡು ಕೂರಬೇಕು ಅನ್ನೋದನ್ನು ಮಕ್ಕಳು ಅರ್ಧ ಗಂಟೆಯಲ್ಲಿ ಕಲಿತರು. ಒಂಬತ್ತು ವರ್ಷದ ಮಗಳು ಜಾಕೆಟ್ ಹಾಕಿಕೊಂಡು ಬೇಕಂತಲೇ ನೀರಿಗೆ ಬಿದ್ದು, ಹಗ್ಗ ಹಿಡಿದು ವಾಪಸ್ ಬರೋದನ್ನು ನಾಲ್ಕು ಸಲ ಅಭ್ಯಾಸ ಮಾಡಿದಳು. ಯಾವ ಬೋರ್ಡು ಇದನ್ನು ಕಲಿಸುತ್ತೆ ಹೇಳಿ?

"ಹಾಗಾದ್ರೆ ನಿಮ್ ತಾತನ ಕಾಲವೇ ಚೆನ್ನಾಗಿತ್ತು ಅಂತಾನಾ?" ಅಂತ ನೀವು ಕೇಳಬಹುದು. ಇಲ್ಲ ಸ್ವಾಮಿ. ಎಲ್ಲರಿಗಿಂತ ಕೊನೆಗೆ ಅವ್ವ ಹತ್ತಿದಳು, ಅರವತ್ತೆಂಟು ವರ್ಷ. ಹರಿಗೋಲಿನ ಒಂದು ಕಡೆ ಮುಟ್ಟಿ, "ನಮ್ಮಪ್ಪ ನನ್ನ ಇಲ್ಲೇ ಕೂರುಸ್ತಿತ್ತು" ಅಂದಳು. "ಈಜು ಕಲುಸ್ಲಿಲ್ವೇನವ್ವ?" ಅಂದೆ. "ಹೆಣ್ಮಕ್ಳಿಗ್ಯಾಕೆ ಅಂತು. ನಿಮ್ ಮಾವಂಗೆ ಮಾತ್ರ ಸೋರೆಬುರುಡೆ ಕಟ್ಟಿ ಕಲುಸ್ತು" ಅಂದಳು. ಅಂಬಿಗನ ಮಗಳಾಗಿ ಹುಟ್ಟಿ, ಹೊಳೆ ದಂಡೆಯಲ್ಲಿ ಬೆಳೆದು, ಜೀವಮಾನವೆಲ್ಲ ನೀರಿಗೆ ಹೆದರಿಕೊಂಡೇ ಬದುಕಿದವಳು. ತಾತನ ಹರಿಗೋಲು ಬೇಕು, ತಾತನ ಈ ಬುದ್ಧಿ ಬೇಡ.

ಇನ್ನೊಂದು ತಕರಾರು ಊರಿನಲ್ಲೇ ಎದ್ದಿತು. "ಇಂಜಿನಿಯರ್ ಓದಿ ತೆಪ್ಪ ಹೊಡೀತಾವ್ನೆ" ಅಂತ. ನಿಜವಾದ ಮುಜುಗರ ಅಪಾಯದ್ದಲ್ಲ, ಜಾತಿಯದ್ದು. ಜನವರಿ ಬಂದರೆ ಅಂಬಿಗರ ಚೌಡಯ್ಯನ ಫೋಟೊಗೆ ಹಾರ ಹಾಕ್ತೀವಿ. ಅವನ ಹುಟ್ಟು ಮಾತ್ರ ಕೈಯಲ್ಲಿ ಹಿಡಿಯೋಕೆ ನಾಚಿಕೆ. ಗೋವಾಕ್ಕೆ ಹೋಗಿ ಐದು ನಿಮಿಷದ ಜೆಟ್ ಸ್ಕೀಗೆ ದುಡ್ಡು ಸುರಿದು, ಬಕಲ್ ಹಾಕದ ಜಾಕೆಟ್ಟಿನಲ್ಲಿ ಸೆಲ್ಫಿ ತಗೊಂಡರೆ ಸ್ಟೇಟಸ್ಸು!

ಹರಿಗೋಲು ಮಗುಚಿ ಜನ ಸತ್ತಿಲ್ವಾ? ಸತ್ತಿದ್ದಾರೆ. ಹೆಚ್ಚು ಜನ ತುಂಬಿದರೆ, ಜಾಕೆಟ್ ಇಲ್ಲದಿದ್ದರೆ, ಅಣೆಕಟ್ಟಿನಿಂದ ನೀರು ಬಿಟ್ಟ ದಿನ ಹೊಳೆಗಿಳಿದರೆ ಸಾಯ್ತಾರೆ. ಅದಕ್ಕೆ ಮದ್ದು ನಿಯಮ, ಬರೀ ನಿಷೇಧವಲ್ಲ. ನಮ್ಮಣ್ಣನ ಮಿಷಿಗನ್ನನ್ನೇ ನೋಡಿ. ಅಲ್ಲಿ ಜಾಕೆಟ್ ಇಲ್ಲದೆ ಜೆಟ್ ಸ್ಕೀ ಹತ್ತುವಂತಿಲ್ಲ, 1978ರ ನಂತರ ಹುಟ್ಟಿದವರು ಸುರಕ್ಷತೆಯ ಪಾಠ ಓದಿ ಸರ್ಟಿಫಿಕೇಟ್ ಪಡೆಯದೆ ಓಡಿಸುವಂತಿಲ್ಲ. ಅವನ ಸಾಹಸಕ್ಕೆ ಹಿಂದೆ ಒಂದು ಪಾಠ ಇದೆ, ನಮ್ಮ ಭಯಕ್ಕೆ ಹಿಂದೆ ಒಂದು ಬೋರ್ಡು ಇದೆ. ವಿಶ್ವ ಆರೋಗ್ಯ ಸಂಸ್ಥೆ ಹೇಳೋದೂ ಇದನ್ನೇ: ಶಾಲೆ ಮಕ್ಕಳಿಗೆ ಈಜು ಮತ್ತು ನೀರಿನ ಎಚ್ಚರ ಕಲಿಸಿ, ದಡದಲ್ಲಿ ಇರೋರಿಗೆ ರಕ್ಷಣೆ ಕಲಿಸಿ, ತಡೆ ಕಟ್ಟಿ, ದೋಣಿಗಳಿಗೆ ನಿಯಮ ಮಾಡಿ.

ನಮ್ಮಲ್ಲೂ ಆಗಬೇಕು. ಪ್ರತಿ ನಾಲೆಯ ಏರಿಗೆ ತಡೆಗೋಡೆ, ಅಲ್ಲಲ್ಲಿ ಹತ್ತೋಕೆ ಮೆಟ್ಟಿಲು, ನೀರಿಗಡ್ಡವಾಗಿ ಹಿಡಿಯೋಕೆ ಒಂದು ಹಗ್ಗ. ಐದನೇ ಕ್ಲಾಸು ದಾಟೋದರೊಳಗೆ ಪ್ರತಿ ಮಗುವಿಗೂ, ಅದರಲ್ಲೂ ಹೆಣ್ಣುಮಕ್ಕಳಿಗೆ, ಈಜು. ಪ್ರತಿ ಹರಿಗೋಲಿಗೂ ಇಷ್ಟೇ ಜನ ಅನ್ನೋ ಲೆಕ್ಕ, ಪ್ರತಿಯೊಬ್ಬರಿಗೂ ಜಾಕೆಟ್. ಇದು ನಮ್ಮ ತೆರಿಗೆ ದುಡ್ಡಿನಲ್ಲಿ ಆಗಬಹುದಾದ ಕೆಲಸ, ಕೇಳೋರು ಬೇಕು ಅಷ್ಟೇ.

ಅಲ್ಲೀವರೆಗೆ ನೀವು ಮಾಡಬಹುದಾದದ್ದೂ ಇದೆ. ನಿಮಗೆ ಈಜು ಬರದಿದ್ದರೆ ನಾಚಿಕೆ ಬಿಟ್ಟು ಕಲಿಯಿರಿ. ಕಾರಿನ ಡಿಕ್ಕಿಯಲ್ಲಿ ಮೂವತ್ತಡಿ ಹಗ್ಗ ಇಟ್ಟುಕೊಳ್ಳಿ. ನಿಮ್ಮ ಮಾವನ ಹಿತ್ತಲಲ್ಲೋ ಅಜ್ಜಿ ಮನೆ ಅಟ್ಟದ ಮೇಲೋ ಇಂಥದ್ದೊಂದು ಬಿದ್ದಿದ್ದರೆ ಕೋಳಿಗೆ ಬೇರೆ ಪಂಜರ ಕೊಡಿಸಿ. ನಾಲೆಗೆ ಮಾತ್ರ ಇಳಿಸಬೇಡಿ, ತುಂಬಿದ ಹೊಳೆಗೂ ಬೇಡ. ನಿಂತ ನೀರು, ನೆಟ್ಟಗಿರೋ ಜಾಕೆಟ್, ದಡದಲ್ಲಿ ಒಬ್ಬ ಈಜು ಬರೋನು, ಇಷ್ಟು ಇದ್ದರೆ ಹೋಗಿ.

ಆ ದಿನ ವಾಪಸ್ ಬರುವಾಗ ನಾಲೆ ಏರಿ ಮೇಲೆ ಬಂದೆವು. ನನ್ನ ಏಳನೇ ಕ್ಲಾಸಿನ ಬೋರ್ಡು ತುಕ್ಕು ಹಿಡಿದು ವಾಲಿಕೊಂಡು ಇನ್ನೂ ಇದೆ. ಮಗಳು ಗಾಡಿ ನಿಲ್ಲಿಸು ಅಂದಳು, ಕಷ್ಟಪಟ್ಟು ಅಕ್ಷರ ಕೂಡಿಸಿ ಓದಿದಳು. "ಅಪ್ಪ, ಇಳೀಬಾರ್ದು ಅಂತ ಬರ್ದಿದ್ದಾರೆ. ಬಿದ್ರೆ ಏನ್ ಮಾಡ್ಬೇಕು ಅಂತ ಬರ್ದೇ ಇಲ್ವಲ್ಲ?" ಅಂದಳು.

ಮುಂದಿನ ವಾರ ಅವಳ ಸ್ಕೂಲಿನಲ್ಲಿ ಪೋಷಕರ ಸಭೆ ಇದೆ. ಅದೇ ಪ್ರಶ್ನೆ ಕೇಳೋಕೆ ಹೋಗ್ತಿದ್ದೀನಿ.