ಕಡಲ ತಳದ ಬೆಟ್ಟಕ್ಕೆ ಬೀದರ್ ಕಂಡವನ ಹೆಸರು

ರಷ್ಯಾದ ತ್ವೆರ್ ಪಟ್ಟಣದ ವ್ಯಾಪಾರಿ ಅಫನಾಸಿ ನಿಕಿತಿನ್ 15ನೇ ಶತಮಾನದಲ್ಲಿ ಒಂದು ಕುದುರೆಯನ್ನು ಹಡಗಿಗೆ ಹತ್ತಿಸಿಕೊಂಡು ಚೌಲ್ ಬಂದರಿಗೆ ಬಂದಿಳಿದ. ಜುನ್ನರ್‌ನ ಖಾನ ಅದನ್ನು ಕಸಿದುಕೊಂಡ. ಕಷ್ಟಪಟ್ಟು ಮರಳಿ ಪಡೆದ ನಿಕಿತಿನ್ ಅದನ್ನು ಕೊನೆಗೆ ಮಾರಿದ್ದು ಬಹಮನಿಗಳ ರಾಜಧಾನಿ ಬೀದರ್‌ನಲ್ಲಿ. ಪ್ರಧಾನಿ ಮಹಮೂದ್ ಗವಾನನ ಕಾಲದ ಬೀದರ್ ಅನ್ನು ಕಣ್ಣಾರೆ ಕಂಡು ಬರೆದಿಟ್ಟ ಈತನ ಹೆಸರು ಇಂದು ಹಿಂದೂ ಮಹಾಸಾಗರದ ತಳದಲ್ಲಿರುವ ಬೆಟ್ಟವೊಂದಕ್ಕಿದೆ. ಶ್ರೀಲಂಕಾದ ದಕ್ಷಿಣಕ್ಕೆ, ಭೂಮಧ್ಯರೇಖೆ ದಾಟಿದ ಮೇಲೆ ಸಿಗುವ ಆ ಬೆಟ್ಟ ಮೂರು ಕಿ.ಮೀ.ಗೂ ಮಿಕ್ಕಿ ಎತ್ತರವಿದೆ. ಆದರೂ ಅದರ ನೆತ್ತಿ ನೀರಿನ ಮಟ್ಟದಿಂದ ಬಹಳ ಕೆಳಗೇ ಉಳಿದಿದೆ.

ಹಾಗೆ ಹೆಸರಿಟ್ಟವರು ಸೋವಿಯತ್ ಸಂಶೋಧಕರು. ಕಡಲ ತಳದಲ್ಲಿ ಹೆಸರಿಡುವ ಅವಕಾಶ ಸಾಮಾನ್ಯವಾಗಿ ಅಳೆದವರಿಗೇ ಸಿಗುತ್ತದೆ. ಅರಬ್ಬಿ ಸಮುದ್ರದ ಕಾರ್ಲ್ಸ್‌ಬರ್ಗ್ ಪರ್ವತಸಾಲಿಗೆ ಆ ಹೆಸರು ಬಂದದ್ದು ಡೆನ್ಮಾರ್ಕ್‌ನ ಬಿಯರ್ ಕಂಪನಿಯೊಂದರ ಪ್ರತಿಷ್ಠಾನ 1928–30ರ ‘ಡಾನಾ’ ಹಡಗಿನ ಯಾನಕ್ಕೆ ನೆರವಾಗಿದ್ದರಿಂದ. 1992ರಲ್ಲಿ ನಮ್ಮ ‘ಸಾಗರ ಕನ್ಯಾ’ ಹಡಗು ತಾನೇ ಅಳೆದ ಮೇಲೆ ಕಡಲ ವಿಜ್ಞಾನಿ ಪಣಿಕ್ಕರ್, ಭೂವಿಜ್ಞಾನಿ ವಾಡಿಯಾ ಅವರ ಹೆಸರುಗಳೂ ಜಗತ್ತಿನ ನಕ್ಷೆ ಸೇರಿದವು. ಹಿಮಾಲಯದ ಶಿಲೆಗಳನ್ನು ಓದಿದ ವಾಡಿಯಾ ಅವರ ನೆನಪಿನ ಬೆಟ್ಟ, ನೆತ್ತಿ ಚಪ್ಪಟೆಯಾಗಿ, ಅರಬ್ಬಿ ಸಮುದ್ರದಡಿ ಇದೆ ಎನ್ನುವುದು ನನಗೆ ಬಹಳ ಇಷ್ಟವಾದ ಸಂಗತಿ.

ತಳ ಅಳೆಯಲು ಉಪಗ್ರಹ ಇರುವಾಗ ಹಡಗೇಕೆ ಎನ್ನಬಹುದು. ಬೆಟ್ಟದ ರಾಶಿ ಸುತ್ತಲಿನ ನೀರನ್ನು ತನ್ನತ್ತ ಸೆಳೆಯುವುದರಿಂದ ಅದರ ಮೇಲಿನ ಕಡಲ ಮಟ್ಟ ತುಸು ಉಬ್ಬುತ್ತದೆ. ಎರಡು ಕಿ.ಮೀ. ಎತ್ತರದ ಬೆಟ್ಟವಿದ್ದರೆ ಉಬ್ಬು ಸುಮಾರು ಎರಡು ಮೀಟರ್. ಉಪಗ್ರಹ ಅದನ್ನು ಗುರುತಿಸಬಲ್ಲದು, ಆದರೆ ಅದು ಕೊಡುವ ಚಿತ್ರ ಮಸುಕು. 2005ರ ಜನವರಿಯಲ್ಲಿ ಅಮೆರಿಕದ ಜಲಾಂತರ್ಗಾಮಿ ‘ಸ್ಯಾನ್ ಫ್ರಾನ್ಸಿಸ್ಕೊ’ ಗುವಾಮ್ ಬಳಿ ತನ್ನ ನಕ್ಷೆಯಲ್ಲಿಲ್ಲದ ಬೆಟ್ಟಕ್ಕೆ ಗುದ್ದಿತು. ಒಬ್ಬ ನಾವಿಕ ಸತ್ತ. ಸ್ಪಷ್ಟ ನಕ್ಷೆ ಬೇಕಿದ್ದರೆ ನೀರಿನೊಳಕ್ಕೆ ಶಬ್ದ ಬಿಟ್ಟು, ಮರುದನಿ ಬರುವವರೆಗಿನ ಹೊತ್ತನ್ನು ಲೆಕ್ಕ ಹಾಕುತ್ತ ಹಡಗು ಸಾಲುಸಾಲಾಗಿ ಓಡಾಡಲೇಬೇಕು. 2025ರ ಹೊತ್ತಿಗೆ ಜಗತ್ತಿನ ಕಡಲ ತಳದಲ್ಲಿ ಹೀಗೆ ಅಳೆದದ್ದು ಶೇ 27ರಷ್ಟು ಮಾತ್ರ.

ಈಗ ನಿಕಿತಿನ್ ಬೆಟ್ಟದ ಮೇಲೆ ಭಾರತದ ಕಣ್ಣು ಬಿದ್ದಿದೆ. ಅಲ್ಲಿನ ಕೋಬಾಲ್ಟ್ ಶೋಧಿಸಲು 2024ರ ಜನವರಿಯಲ್ಲಿ ಅಂತರರಾಷ್ಟ್ರೀಯ ಸಮುದ್ರತಳ ಪ್ರಾಧಿಕಾರಕ್ಕೆ ಅರ್ಜಿ ಹೋಗಿದೆ. ಆ ಭಾಗ ತನ್ನ ಖಂಡಾವರಣ ಪ್ರದೇಶಕ್ಕೆ ಸೇರಿದ್ದು ಎನ್ನುತ್ತಿದೆ ಶ್ರೀಲಂಕಾ. ಈ ತಕರಾರು ಏನೇ ಆಗಲಿ, ಅಳತೆಯ ಕೆಲಸ ನಿಲ್ಲಬಾರದು. ಸಿಕ್ಕ ಆಳದ ಅಂಕಿಗಳು ನೆರೆಯವರಿಗೂ ಸಿಗಬೇಕು, ಜಗತ್ತಿನ ನಕ್ಷೆಗೂ ಸೇರಬೇಕು. ಅಲ್ಲಿಯವರೆಗೆ ಗಣಿಯ ಮಾತು ಬೇಡ. ಕೋಬಾಲ್ಟ್ ಇರುವುದು ಬಂಡೆಗೆ ಅಂಟಿದ ಕಪ್ಪು ಹೊರಪದರದಲ್ಲಿ. ಅದು ಕೆಲವೇ ಮಿಲಿಮೀಟರ್ ಬೆಳೆಯಲು ಹತ್ತು ಲಕ್ಷ ವರ್ಷ ಬೇಕು. ಹವಳ, ಸ್ಪಂಜುಗಳು ಬೇರೂರುವುದೂ ಇಂಥ ಬಂಡೆಯ ಮೇಲೆಯೇ.